ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಪೈಪ್ ಆರ್ಗನ್‌ಗೆ ವಸ್ತುಸಂಗ್ರಹಾಲಯ ಏಕೆ?

ಜರ್ಮನಿಯ ವೆಸ್ಟ್‌ಫಾಲಿಯಾ ಪ್ರದೇಶದ ಬೋರ್ಗೆಂಟ್ರೈಶ್ ಎಂಬ ಪುಟ್ಟ ಊರಿನಲ್ಲಿ ಹಳೆಯ ಪೈಪ್ ಆರ್ಗನ್‌ಗಳಿಗೆಂದೇ, ಅಂದರೆ ತಿದಿಯ ಗಾಳಿಯಿಂದ ಸಾಲುಸಾಲು ಕೊಳವೆಗಳನ್ನು ನುಡಿಸುವ ಕೀಲಿಮಣೆಯ ವಾದ್ಯಗಳಿಗೆಂದೇ, ಮೀಸಲಾದ ಒಂದು ಸಂಗ್ರಹಾಲಯವಿದೆ. 1980ರಲ್ಲಿ ಆರಂಭವಾದ ಅದು ಆ ದೇಶದ ಮೊದಲ ಆರ್ಗನ್ ಸಂಗ್ರಹಾಲಯ. ಅದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟದ ಪರಿಚಯ ಪ್ರಕಟವಾದ ಬಳಿಕ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪೈಪ್ ಆರ್ಗನ್ ಎಂದರೆ ಚರ್ಚಿನ ಗೋಡೆಗೆ ಅಂಟಿಕೊಂಡೇ ಬೆಳೆದಂಥ ವಾದ್ಯ. ಅದನ್ನು ಕಿತ್ತು ತಂದು ಸಂಗ್ರಹಾಲಯದಲ್ಲಿ ನಿಲ್ಲಿಸುವುದು ಮರವನ್ನು ಬೇರುಸಹಿತ ಕಿತ್ತು ಹಜಾರದಲ್ಲಿ ನೆಟ್ಟಂತೆ ಆಗುವುದಿಲ್ಲವೇ? (ನಿವೃತ್ತ ಉಪನ್ಯಾಸಕರೊಬ್ಬರು)

ತಾವು ಎತ್ತಿರುವ ಆಕ್ಷೇಪ ಸರಿಯಾದದ್ದೇ. ಆರ್ಗನ್ ಕಟ್ಟುವವರು ಕೊಳವೆಗಳನ್ನು ಕಾರ್ಯಾಗಾರದಲ್ಲಿ ತಯಾರಿಸಿದರೂ ಅವುಗಳ ದನಿಯನ್ನು ಕೊನೆಯದಾಗಿ ತಿದ್ದುವುದು ವಾದ್ಯ ನಿಲ್ಲಬೇಕಾದ ಜಾಗದಲ್ಲೇ. ಪ್ರತಿಯೊಂದು ಕೊಳವೆಯ ಬಾಯಿಯ ಎತ್ತರ, ಗಾಳಿ ನುಗ್ಗುವ ಸೀಳಿನ ಅಗಲ, ಬುಡದ ರಂಧ್ರದ ಗಾತ್ರ ಇವನ್ನೆಲ್ಲ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುತ್ತ, ಆ ಕಟ್ಟಡದಲ್ಲಿ ನಾದ ಹೇಗೆ ಹರಡುತ್ತದೆ, ಎಷ್ಟು ಹೊತ್ತು ಅನುರಣಿಸುತ್ತದೆ ಎಂಬುದನ್ನು ಕೇಳಿ ಕೇಳಿ ಅವರು ವಾದ್ಯವನ್ನು ಹದಗೊಳಿಸುತ್ತಾರೆ. ಆದ್ದರಿಂದ ಜಾಗ ಬದಲಾದ ಆರ್ಗನ್ ತನ್ನ ದನಿಯ ಒಂದು ಪಾಲನ್ನು ಹಿಂದೆಯೇ ಬಿಟ್ಟು ಬಂದಿರುತ್ತದೆ.

ಈ ಕಾರಣಕ್ಕೇ, ವಾದ್ಯಗಳನ್ನು ಎಷ್ಟು ಸಾಧ್ಯವೋ ಅಷ್ಟು ಅವುಗಳ ಮೂಲಸ್ಥಾನದಲ್ಲೇ ಉಳಿಸಲು ನೆರವಾಗಿ, ಬೇರೆ ದಾರಿಯೇ ಇಲ್ಲದವಕ್ಕೆ ಮಾತ್ರ ಆಶ್ರಯ ಕೊಡುವುದೇ ಒಳ್ಳೆಯ ಪ್ರಾದೇಶಿಕ ಸಂಗ್ರಹಾಲಯದ ಲಕ್ಷಣ ಎಂದು ನಾನು ತಿಳಿದಿದ್ದೇನೆ. ಬೋರ್ಗೆಂಟ್ರೈಶ್‌ನ ವ್ಯವಸ್ಥೆ ನನಗೆ ಮೆಚ್ಚುಗೆಯಾಗುವುದೂ ಇದೇ ಕಾರಣಕ್ಕೆ. ಅಲ್ಲಿ ಸಂಗ್ರಹಾಲಯ ಇರುವುದು ಹಳೆಯ ಪುರಭವನದಲ್ಲಿ. ಊರಿನ ಮುಖ್ಯ ಆರ್ಗನ್ ಇರುವುದು ಸಂತ ಯೋಹಾನರ ಹೆಸರಿನ ಚರ್ಚಿನಲ್ಲಿ. ಮೂರು ಕೀಲಿಮಣೆಗಳೂ 45 ಸ್ಟಾಪ್‌ಗಳೂ (ಒಂದೊಂದು ಬಗೆಯ ನಾದದ ಕೊಳವೆಸಾಲುಗಳು) ಇರುವ ಆ ಬರೋಕ್, ಅಂದರೆ 17–18ನೇ ಶತಮಾನದ ಶೈಲಿಯ, ವಾದ್ಯವನ್ನು ಯಾರೂ ಸಂಗ್ರಹಾಲಯಕ್ಕೆ ಸಾಗಿಸಿಲ್ಲ. ಸಂಗ್ರಹಾಲಯದಲ್ಲಿ ವಾದ್ಯದ ಒಳಗುಟ್ಟನ್ನು ಬಿಡಿಬಿಡಿಯಾಗಿ ನೋಡಿ ಅರಿತುಕೊಂಡವರು ಚರ್ಚಿಗೆ ಹೋಗಿ ಅದೇ ಗುಟ್ಟು ಜೀವಂತ ವಾದ್ಯದಲ್ಲಿ ಹೇಗೆ ಮೊಳಗುತ್ತದೆ ಎಂದು ಕೇಳಬಹುದು.

ತಮ್ಮ ಉಪಮೆಗೆ ಇನ್ನೊಂದು ಮಾತು ಸೇರಿಸಬೇಕು. ಆ ಚರ್ಚಿನ ಆರ್ಗನ್ ಕೂಡ ಅಲ್ಲೇ ಹುಟ್ಟಿದ್ದಲ್ಲ. ಅದು ಡಾಲ್‌ಹೈಮ್ ಎಂಬಲ್ಲಿದ್ದ ಮಠದ ವಾದ್ಯ. 1803ರಲ್ಲಿ ಮಠಗಳ ಆಸ್ತಿಯನ್ನು ಪ್ರಭುತ್ವ ವಶಪಡಿಸಿಕೊಂಡ ಕಾಲದಲ್ಲಿ ಆ ಮಠವೂ ಮುಚ್ಚಿತು, ವಾದ್ಯ ಬೋರ್ಗೆಂಟ್ರೈಶ್ ಪಾಲಾಯಿತು. ಯುರೋಪಿನ ಎಷ್ಟೋ ಆರ್ಗನ್‌ಗಳ ಬಾಳಿನಲ್ಲಿ ಇಂಥದೊಂದು ಸ್ಥಳಾಂತರ ಇದ್ದೇ ಇರುತ್ತದೆ. ಬೇರು ಕಿತ್ತರೂ ಇನ್ನೊಂದು ಮಣ್ಣಿನಲ್ಲಿ ಚಿಗುರಿದ ಮರ ಅದು; ಇನ್ನೂರು ವರ್ಷಗಳ ಬಳಿಕ ಈಗ ಅದೇ ಮಣ್ಣು ಅದರದಾಗಿದೆ.

ಪ್ರಶ್ನೆ: ಆ ಆರ್ಗನ್‌ನಲ್ಲಿ ‘ಸ್ಪ್ರಿಂಗ್ ಪೆಟ್ಟಿಗೆ’ ಇದೆ, ಅದೇ ಅದರ ಹೆಚ್ಚುಗಾರಿಕೆ ಎಂದು ಪರಿಚಯದಲ್ಲಿ ಬರೆದಿತ್ತು. ಹಾಗೆಂದರೇನು? ಯಂತ್ರಗಳ ಬಗ್ಗೆ ಆಸಕ್ತಿ ಇರುವವನಿಗೆ ಅರ್ಥವಾಗುವಂತೆ ವಿವರಿಸುವಿರಾ? (ಎಂಜಿನಿಯರಿಂಗ್ ವಿದ್ಯಾರ್ಥಿ)

ಮೊದಲು ಇಡೀ ವಾದ್ಯದ ಸ್ಥೂಲ ಚಿತ್ರ ಕಣ್ಣ ಮುಂದಿರಲಿ. ತಿದಿಗಳು ಗಾಳಿಯನ್ನು ಒತ್ತಡದಲ್ಲಿ ಹಿಡಿದಿಡುತ್ತವೆ. ಆ ಗಾಳಿ ಮರದ ನಾಳಗಳ ಮೂಲಕ ಗಾಳಿಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಯ ಮೇಲೆ ಕೊಳವೆಗಳು ಸಾಲುಸಾಲಾಗಿ ನಿಂತಿರುತ್ತವೆ. ಒಂದೇ ಬಗೆಯ ನಾದ ಕೊಡುವ ಒಂದು ಸಾಲಿಗೆ, ಅದನ್ನು ತೆರೆಯುವ ಗುಬುಟಿನ ಹೆಸರಿನಿಂದಲೇ, ಸ್ಟಾಪ್ ಎನ್ನುತ್ತಾರೆ. ಹೀಗಾಗಿ ಪ್ರತಿ ಕೊಳವೆಗೂ ಗಾಳಿ ಸಿಗಬೇಕಾದರೆ ಎರಡು ಷರತ್ತುಗಳು ಈಡೇರಬೇಕು: ಆ ಸ್ವರದ ಕೀಲಿಯನ್ನು ಒತ್ತಿರಬೇಕು, ಆ ಸಾಲಿನ ಸ್ಟಾಪ್ ತೆರೆದಿರಬೇಕು. ಗಣಕಯಂತ್ರದ ತರ್ಕ ಕಲಿತ ನಿಮಗೆ ಇದು ಕೂಡಲೇ ಹೊಳೆಯಬಹುದು. ಎರಡೂ ‘ಹೌದು’ ಆದಾಗಲಷ್ಟೇ ನಾದ. ಆ ನಿರ್ಧಾರ ನಡೆಯುವ ಸ್ಥಳವೇ ಗಾಳಿಪೆಟ್ಟಿಗೆ.

ಪೆಟ್ಟಿಗೆಯೊಳಗೆ ಪ್ರತಿ ಕೀಲಿಗೊಂದರಂತೆ ಉದ್ದನೆಯ ಕಿರುಗಾಲುವೆಗಳಿರುತ್ತವೆ. ಕೀಲಿ ಒತ್ತಿದಾಗ ತೆಳ್ಳನೆಯ ಮರದ ಪಟ್ಟಿಗಳ ಸರಣಿಯೊಂದು ಎಳೆದು, ಆ ಕಾಲುವೆಯ ಕವಾಟ ತೆರೆದು, ಗಾಳಿ ಒಳನುಗ್ಗುತ್ತದೆ. ಇಲ್ಲಿಯವರೆಗೆ ಎಲ್ಲ ಹಳೆಯ ಆರ್ಗನ್‌ಗಳೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಸ್ಟಾಪ್ ತೆರೆಯುವ ವಿಧಾನದಲ್ಲಿ. ಬಹುಪಾಲು ವಾದ್ಯಗಳಲ್ಲಿ ಪ್ರತಿ ಸಾಲಿನ ಕೊಳವೆಗಳ ಕೆಳಗೆ ರಂಧ್ರಗಳಿರುವ ಉದ್ದನೆಯ ಹಲಗೆ ಇರುತ್ತದೆ. ಗುಬುಟು ಎಳೆದಾಗ ಹಲಗೆ ಸ್ವಲ್ಪ ಜಾರಿ, ಅದರ ರಂಧ್ರಗಳು ಕೊಳವೆಗಳ ಬುಡಕ್ಕೆ ನೇರವಾಗುತ್ತವೆ. ಮರಳಿ ನೂಕಿದರೆ ರಂಧ್ರಗಳು ಸರಿದು ದಾರಿ ಮುಚ್ಚುತ್ತದೆ. ಇದು ಸರಳ, ಅಗ್ಗ, ಬಹಳ ಜಾಣತನದ ಏರ್ಪಾಡು. ಆದರೆ ಮರ ಋತುಮಾನಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗಿದಾಗ ಹಲಗೆ ಕಚ್ಚಿಕೊಂಡು ಅಲುಗುವುದಿಲ್ಲ. ಕುಗ್ಗಿದಾಗ ಸಂದಿಯಿಂದ ಗಾಳಿ ಸೋರಿ, ಒತ್ತದ ಕೊಳವೆಗಳೂ ಕುಂಯ್‌ಗುಡುತ್ತವೆ.

ಸ್ಪ್ರಿಂಗ್ ಪೆಟ್ಟಿಗೆಯಲ್ಲಿ ಈ ಜಾರುಹಲಗೆಯೇ ಇಲ್ಲ. ಪ್ರತಿ ಕೊಳವೆಯ ಕೆಳಗೂ ಅದರದೇ ಆದ ಒಂದು ಪುಟ್ಟ ಕವಾಟ ಇದ್ದು, ಸ್ಪ್ರಿಂಗ್ ಅದನ್ನು ಸದಾ ಮುಚ್ಚಿ ಹಿಡಿದಿರುತ್ತದೆ. ಸ್ಟಾಪ್ ಎಳೆದಾಗ ಉದ್ದನೆಯ ಸರಳೊಂದು ಆ ಸಾಲಿನ ಎಲ್ಲ ಕವಾಟಗಳನ್ನೂ ಒಮ್ಮೆಗೇ ಒತ್ತಿ ತೆರೆಯುತ್ತದೆ. ಗುಬುಟನ್ನು ಕೊಕ್ಕೆಗೆ ಸಿಕ್ಕಿಸದಿದ್ದರೆ ಸ್ಪ್ರಿಂಗ್‌ಗಳ ಬಲಕ್ಕೆ ಅದು ತಾನಾಗಿ ಹಿಂದೆ ಚಿಮ್ಮುತ್ತದೆ. ಮರದ ಹಿಗ್ಗುವಿಕೆ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ, ಗಾಳಿಯೂ ಸೋರುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಒಂದೊಂದು ಸಾಲಿನಲ್ಲೂ ಹತ್ತಾರು ಕೊಳವೆಗಳು, ಸಾಲುಗಳು ಹಲವು, ಒಟ್ಟು ಸಾವಿರಕ್ಕೂ ಮಿಕ್ಕಿದ ಪುಟ್ಟ ಕವಾಟಗಳು, ಅಷ್ಟೇ ಸಂಖ್ಯೆಯ ಸ್ಪ್ರಿಂಗ್‌ಗಳು, ಪ್ರತಿಯೊಂದಕ್ಕೂ ಚರ್ಮದ ಹೊದಿಕೆ. ಅದನ್ನು ಕಟ್ಟಲು ಹಿಡಿಯುತ್ತಿದ್ದ ಶ್ರಮ ಮತ್ತು ಹಣದ ಕಾರಣದಿಂದ ಈ ಬಗೆಯ ಪೆಟ್ಟಿಗೆ ಕ್ರಮೇಣ ಬಳಕೆ ತಪ್ಪಿತು. ಬೋರ್ಗೆಂಟ್ರೈಶ್‌ನ ಆರ್ಗನ್ ಈ ಬಗೆಯಲ್ಲಿ ಉಳಿದಿರುವ ವಾದ್ಯಗಳ ಪೈಕಿ ಅತಿ ದೊಡ್ಡದೆಂದು ಹೆಸರಾಗಿದೆ.

ಚರ್ಚಿನಲ್ಲಿ ಇದೆಲ್ಲವೂ ಕೆತ್ತನೆಯ ಮರದ ಗೂಡಿನ ಹಿಂದೆ ಮರೆಯಾಗಿರುತ್ತದೆ. ಪೆಟ್ಟಿಗೆಯ ಸೀಳುನೋಟವನ್ನು ಕಣ್ಣಳತೆಯಲ್ಲಿ ಇಟ್ಟು, ಕೀಲಿಯನ್ನು ನೋಡುಗರ ಕೈಯಿಂದಲೇ ಒತ್ತಿಸಿ, ಕವಾಟ ತೆರೆಯುವುದನ್ನು ತೋರಿಸಬಲ್ಲದ್ದು ಸಂಗ್ರಹಾಲಯ ಮಾತ್ರ. ಹಿಂದಿನ ಪ್ರಶ್ನೆಯ ಓದುಗರೂ ಇದನ್ನು ಒಪ್ಪುವರೆಂದು ನಂಬಿದ್ದೇನೆ.

ಪ್ರಶ್ನೆ: ಹಾರ್ಮೋನಿಯಂ ಕೂಡ ತಿದಿ ಒತ್ತಿ ನುಡಿಸುವ ವಾದ್ಯವೇ. ಅದನ್ನು ಆರ್ಗನ್‌ನ ತಮ್ಮ ಎನ್ನಬಹುದೇ? (ಸಂಗೀತ ಕಲಿಯುತ್ತಿರುವ ಗೃಹಿಣಿ)

ದಾಯಾದಿ ಎನ್ನಬಹುದು. ಹಾರ್ಮೋನಿಯಂನಲ್ಲಿ ಗಾಳಿ ತೆಳುವಾದ ಲೋಹದ ನಾಲಿಗೆಯನ್ನು ಅದರ ಚೌಕಟ್ಟಿನ ಸಂದಿಯಲ್ಲಿ ಆಚೀಚೆ ಮುಕ್ತವಾಗಿ ಕಂಪಿಸುವಂತೆ ಮಾಡುತ್ತದೆ. ನಾದಕ್ಕೆ ಕೊಳವೆಯ ಅಗತ್ಯವೇ ಇಲ್ಲ. ಪೈಪ್ ಆರ್ಗನ್‌ನ ಹೆಚ್ಚಿನ ಕೊಳವೆಗಳಲ್ಲಿ ನಾಲಿಗೆಯೇ ಇಲ್ಲ, ಅವು ಕೊಳಲಿನ ತತ್ತ್ವದ ಮೇಲೆ, ಗಾಳಿಯ ಹಾಳೆಯೊಂದು ಬಾಯಿಯ ಅಂಚಿಗೆ ಬಡಿದು ಕೊಳವೆಯೊಳಗಿನ ಗಾಳಿಕಂಬವನ್ನು ಕಂಪಿಸುವುದರಿಂದ ನುಡಿಯುತ್ತವೆ. ಉಳಿದ ಕೆಲವು ಸಾಲುಗಳಲ್ಲಿ ಹಿತ್ತಾಳೆಯ ನಾಲಿಗೆ ಇದ್ದರೂ ಅದು ಒಂದು ತೋಡಿನ ಅಂಚಿಗೆ ಬಡಿಯುತ್ತದೆ, ಮೇಲಿನ ಕೊಳವೆ ಅದರ ದನಿಗೆ ಬಣ್ಣ ಕೊಡುತ್ತದೆ. ಹಾರ್ಮೋನಿಯಂ ಎಂಬ ಹೆಸರಿನ ಹಕ್ಕುಪತ್ರವನ್ನು ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ ಪಡೆದದ್ದು 1842ರಲ್ಲಿ. ಆರ್ಗನ್‌ನ ವಯಸ್ಸು ಎರಡು ಸಾವಿರ ವರ್ಷ ದಾಟಿದೆ.

ಪ್ರಶ್ನೆ: ಎರಡು ಸಾವಿರ ವರ್ಷವೆಂದರೆ ಕ್ರೈಸ್ತ ಧರ್ಮ ಹರಡುವ ಮೊದಲೇ ಆರ್ಗನ್ ಇತ್ತೆಂದಾಯಿತು. ಅಷ್ಟು ಹಳೆಯ ವಾದ್ಯ ಯಾವುದಾದರೂ ಉಳಿದಿದೆಯೇ? (ಪ್ರೌಢಶಾಲೆಯ ಇತಿಹಾಸ ಶಿಕ್ಷಕಿ)

ಇದೇ ಪ್ರಶ್ನೆಯನ್ನು ಇನ್ನೂ ಇಬ್ಬರು ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಕ್ಟೆಸಿಬಿಯಸ್ ಎಂಬ ಯಂತ್ರಜ್ಞನು ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಸಮನಾಗಿಡುವ ವಾದ್ಯವೊಂದನ್ನು ರೂಪಿಸಿದನು. ರೋಮನ್ನರ ಕಾಲದಲ್ಲಿ ಅದು ಕ್ರೀಡಾಂಗಣಗಳಲ್ಲಿ, ಉತ್ಸವಗಳಲ್ಲಿ ಮೊಳಗುತ್ತಿತ್ತು. ಪಶ್ಚಿಮ ಯುರೋಪಿಗೆ ಅದು ಮರಳಿ ಬಂದದ್ದು 757ರಲ್ಲಿ. ಬೈಜಾಂಟಿಯಂನ ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನ್ ಫ್ರಾಂಕರ ದೊರೆ ಪೆಪಿನ್‌ಗೆ ಒಂದು ಆರ್ಗನ್ನನ್ನು ಕಾಣಿಕೆಯಾಗಿ ಕಳುಹಿಸಿದನು. ಚರ್ಚುಗಳಲ್ಲಿ ಅದು ನೆಲೆನಿಂತದ್ದು ಆ ಮೇಲಿನ ಮಾತು.

ಉಳಿದಿರುವುದರ ಬಗ್ಗೆ ಹೇಳುವುದಾದರೆ, ಬುಡಾಪೆಸ್ಟ್ ನಗರದ ಅಕ್ವಿಂಕಂ ಎಂಬ ರೋಮನ್ ನೆಲೆಯಲ್ಲಿ 1931ರಲ್ಲಿ ಒಂದು ಆರ್ಗನ್‌ನ ಅವಶೇಷ ದೊರೆಯಿತು. ಅದರ ಕಂಚಿನ ಫಲಕದ ಮೇಲೆ ದಾನಿಯ ಹೆಸರೂ ಕಾಲವೂ ಇವೆ: ಕ್ರಿ.ಶ. 228. ನಾಲ್ಕು ಸಾಲುಗಳಲ್ಲಿ 13ರಂತೆ 52 ಕೊಳವೆಗಳು. ಅಲ್ಲಿನ ಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ಲೋಹ ಉಳಿಯಿತು, ಮರವೂ ಚರ್ಮವೂ ಮಣ್ಣಾದವು. ಗಾಳಿ ಒದಗಿಸುವ ಭಾಗವೇ ಕಳೆದುಹೋದುದರಿಂದ ಅದು ನೀರಿನ ಒತ್ತಡದ ವಾದ್ಯವೋ ತಿದಿಯ ವಾದ್ಯವೋ ಎಂಬ ವಿದ್ವಾಂಸರ ವಾದ ಇನ್ನೂ ತೀರಿಲ್ಲ. ತಮ್ಮ ವಿದ್ಯಾರ್ಥಿಗಳಿಗೆ ಈ ಒಂದು ಅಂಶವನ್ನು ಅವಶ್ಯ ಹೇಳಿ: ವಾದ್ಯದ ಅಳಿವು ಅದರ ಉಸಿರಿನ ಅಂಗದಿಂದಲೇ ಮೊದಲಾಗುತ್ತದೆ. ನುಡಿಸಬಹುದಾದ ಸ್ಥಿತಿಯಲ್ಲಿರುವ ಅತ್ಯಂತ ಹಳೆಯ ಆರ್ಗನ್‌ಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಸಿಯೋಂ ಪಟ್ಟಣದ ವಾಲೇರ್ ಗುಡ್ಡದ ಮೇಲಿನ ಚರ್ಚಿನಲ್ಲಿದೆ. ಅದು ಸುಮಾರು 1430ರ ದಶಕದ್ದು.

ಪ್ರಶ್ನೆ: ಅಮೂಲ್ಯವಾದ ಹಳೆಯ ವಾದ್ಯಗಳನ್ನು ಸಂಗ್ರಹಾಲಯದವರು ದಿನನಿತ್ಯ ನುಡಿಸಿ ತೋರಿಸುವುದು ಸರಿಯೇ? ಗಾಜಿನ ಹಿಂದೆ ಇಟ್ಟರೆ ಇನ್ನೂ ನೂರಾರು ವರ್ಷ ಬಾಳುವುದಿಲ್ಲವೇ? (ಗ್ರಂಥಪಾಲಕರು)

ಹಸ್ತಪ್ರತಿಗಳ ನಡುವೆ ಬದುಕುವ ತಮಗೆ ಈ ಅಳುಕು ಬರುವುದು ಸಹಜ. ಪ್ರತಿ ಬಾರಿ ಮುಟ್ಟಿದಾಗಲೂ ಹಸ್ತಪ್ರತಿ ಅಷ್ಟಷ್ಟು ಸವೆಯುತ್ತದೆ. ಆರ್ಗನ್‌ನ ಸ್ವಭಾವ ಬೇರೆ. ನಿಂತುಹೋದ ಆರ್ಗನ್‌ನಲ್ಲಿ ತಿದಿಯ ಚರ್ಮ ಒಣಗಿ ಮಡಿಕೆಗಳಲ್ಲಿ ಸೀಳುತ್ತದೆ, ಕವಾಟಗಳು ಅಂಟಿಕೊಳ್ಳುತ್ತವೆ, ಕೊಳವೆಗಳಲ್ಲಿ ಧೂಳು ಕೂರುತ್ತದೆ, ಮರಹುಳು ತನ್ನ ಕೆಲಸವನ್ನು ಯಾರ ಅರಿವಿಗೂ ಬಾರದೆ ಮುಂದುವರಿಸುತ್ತದೆ. ನಿತ್ಯ ನುಡಿಸುವ ವಾದ್ಯದಲ್ಲಾದರೋ ಸಣ್ಣ ಕೆಡುಕು ಅದೇ ವಾರ ಕಿವಿಗೆ ಬೀಳುತ್ತದೆ. ಚರ್ಮ ಹೇಗೂ ಕೆಲವು ದಶಕಗಳಿಗೊಮ್ಮೆ ಬದಲಾಗಬೇಕಾದ ವಸ್ತು. ಅದನ್ನು ಬದಲಿಸುವುದರಿಂದ ವಾದ್ಯದ ಹಳಮೆಗೆ ಕುಂದಿಲ್ಲ.

ನಿಜವಾದ ಹಾನಿ ಬಂದಿರುವುದು ನುಡಿಸುವವರಿಂದಲ್ಲ, ‘ಸುಧಾರಿಸುವವರಿಂದ’. ಇಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಬರೆಯಲು ಅಪ್ಪಣೆ ಬೇಡುತ್ತೇನೆ, ಏಕೆಂದರೆ ಆರ್ಗನ್‌ಗಳ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಭಾಗ ಇದೇ. 19ನೇ ಶತಮಾನದವರಿಗೆ ಬರೋಕ್ ಆರ್ಗನ್‌ಗಳ ತೀಕ್ಷ್ಣವಾದ, ಹೊಳಪಿನ ನಾದ ಕರ್ಕಶವೆನಿಸಿತು; ಅವರು ಕೊಳವೆಗಳನ್ನು ಕತ್ತರಿಸಿ, ತಿದ್ದಿ, ಗಾಳಿಯ ಒತ್ತಡ ಬದಲಿಸಿ, ಮೆತ್ತನೆಯ ಗಂಭೀರ ನಾದ ಬರಿಸಿದರು. 20ನೇ ಶತಮಾನದ ಆರಂಭದಲ್ಲಿ ಅಭಿರುಚಿ ತಿರುಗಿಬಿತ್ತು. ಸ್ವತಃ ಆರ್ಗನ್ ವಾದಕರಾಗಿದ್ದ ಆಲ್ಬರ್ಟ್ ಶ್ವೈಟ್ಜರ್ 1906ರಲ್ಲಿ ಕಾರ್ಖಾನೆಯ ಆರ್ಗನ್‌ಗಳ ವಿರುದ್ಧ, ಹಳೆಯ ವಾದ್ಯಗಳನ್ನು ಉಳಿಸಿಕೊಳ್ಳುವಂತೆ ಕೋರಿ ಒಂದು ಪುಸ್ತಿಕೆ ಪ್ರಕಟಿಸಿದರು. 1920ರ ದಶಕದಲ್ಲಿ ಜರ್ಮನಿಯಲ್ಲಿ ಆರ್ಗನ್ ಸುಧಾರಣೆಯ ಚಳವಳಿಯೇ ಹುಟ್ಟಿತು. ಆ ಚಳವಳಿಯಿಂದ ಬರೋಕ್ ವಾದ್ಯಗಳಿಗೆ ಗೌರವ ಮರಳಿದ್ದು ದೊಡ್ಡ ಉಪಕಾರ. ಆದರೆ ಅದೇ ಉತ್ಸಾಹದಲ್ಲಿ 19ನೇ ಶತಮಾನದ ರೊಮ್ಯಾಂಟಿಕ್ ಆರ್ಗನ್‌ಗಳನ್ನು ಕೀಳೆಂದು ಬಗೆದು, ಅವುಗಳ ಕೊಳವೆಗಳನ್ನು ಕತ್ತರಿಸಿ ಬರೋಕ್ ದನಿ ಬರಿಸಲು ಹೊರಟವರೂ, ಇಡೀ ವಾದ್ಯವನ್ನೇ ಕಳಚಿ ಎಸೆದವರೂ ಇದ್ದರು. ಒಂದು ತಲೆಮಾರು ಹಿಂದಿನ ತಲೆಮಾರಿಗೆ ಮಾಡಿದ ಅನ್ಯಾಯವನ್ನು ಮುಂದಿನ ತಲೆಮಾರು ಬೇರೊಬ್ಬರಿಗೆ ಮಾಡಿತು. ಇಬ್ಬರೂ ದುರುದ್ದೇಶದವರಲ್ಲ, ಇಬ್ಬರೂ ವಾದ್ಯವನ್ನು ಪ್ರೀತಿಸಿದವರೇ.

ಪ್ರಾದೇಶಿಕ ಸಂಗ್ರಹಾಲಯದ ಬೆಲೆ ತಿಳಿಯುವುದು ಈ ಹಿನ್ನೆಲೆಯಲ್ಲಿ. ಹೆಸರಾಂತ ವಾದ್ಯಗಳಿಗೆ ಕಾವಲುಗಾರರು ಹೇಗೂ ಸಿಗುತ್ತಾರೆ. ಹ್ಯಾಂಬರ್ಗ್‌ನ ಸಂತ ಯಾಕೋಬಿ ಚರ್ಚಿನಲ್ಲಿ ಆರ್ಪ್ ಶ್ನಿಟ್ಗರ್ 1693ರಲ್ಲಿ ಮುಗಿಸಿದ 60 ಸ್ಟಾಪ್‌ಗಳ ಆರ್ಗನ್ನನ್ನು ಎರಡನೇ ಮಹಾಯುದ್ಧದಲ್ಲಿ ಬಿಚ್ಚಿ ಸಾಗಿಸಿ ಉಳಿಸಿದರು. ಸಾಗಿಸಲಾಗದ ಗೂಡು ಬಾಂಬಿಗೆ ಸುಟ್ಟುಹೋದರೂ ಉಳಿದ ಕೊಳವೆ ಮತ್ತು ಗಾಳಿಪೆಟ್ಟಿಗೆಗಳನ್ನು ಆಧರಿಸಿ ಯೂರ್ಗೆನ್ ಆರೆಂಡ್ ಎಂಬ ಆರ್ಗನ್ ಶಿಲ್ಪಿ 1993ರ ಹೊತ್ತಿಗೆ ಅದನ್ನು ಪುನಃ ಕಟ್ಟಿದರು. ಆದರೆ ಹಳ್ಳಿಯ ಚರ್ಚಿನ ಐದಾರು ಸ್ಟಾಪ್‌ಗಳ ಆರ್ಗನ್‌ಗೆ, 1900ರ ಸುಮಾರಿನಲ್ಲಿ ಗಾಳಿಯ ಒತ್ತಡದಿಂದಲೇ ಕವಾಟ ತೆರೆಯುವಂತೆ ಕಟ್ಟಿದ, ಈಗ ಯಾರೂ ರಿಪೇರಿ ಮಾಡಲೊಲ್ಲದ ವಾದ್ಯಕ್ಕೆ ದಿಕ್ಕು ಯಾರು? ಉತ್ತರ ಜರ್ಮನಿಯ ಮೆಕ್ಲೆನ್‌ಬುರ್ಗ್ ಪ್ರದೇಶದ ಮಾಲ್ಖೋ ಪಟ್ಟಣದಲ್ಲಿ, ಸರೋವರದ ದಡದ ಹಳೆಯ ಕನ್ಯಾಮಠದ ಆವರಣದಲ್ಲಿರುವ ಆರ್ಗನ್ ಸಂಗ್ರಹಾಲಯ ಇಂಥ ವಾದ್ಯಗಳನ್ನೇ ಕಾಪಾಡುತ್ತದೆ. ಷ್ವೆರೀನ್‌ನ ಫ್ರೀಸೆ ಮನೆತನದಂಥ ಆ ಸೀಮೆಯ ಕುಶಲಕರ್ಮಿಗಳ ಕೆಲಸ ಅಲ್ಲಿ ನೋಡಲು, ಕೇಳಲು ಸಿಗುತ್ತದೆ. ಅಭಿರುಚಿ ಮತ್ತೊಮ್ಮೆ ತಿರುಗುವವರೆಗೆ ವಾದ್ಯ ತಿದ್ದುಪಡಿಗೆ ಒಳಗಾಗದೆ ಕಾದಿರಬಹುದಾದ ಜಾಗ ಅದು.

ಪ್ರಶ್ನೆ: ಚಿತ್ರಗಳಲ್ಲಿ ಕೆಲವು ಆರ್ಗನ್‌ಗಳ ಮುಂಭಾಗದ ಕೊಳವೆಗಳು ಬೆಳ್ಳಿಯಂತೆ ಹೊಳೆಯುತ್ತವೆ, ಕೆಲವು ಮಂಕಾದ ಬೂದುಬಣ್ಣಕ್ಕಿವೆ. ಸರಿಯಾಗಿ ಒರೆಸದಿರುವುದು ಕಾರಣವೇ? (ಛಾಯಾಗ್ರಾಹಕರು)

ಒರೆಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊಳವೆಗಳ ಲೋಹ ತವರ ಮತ್ತು ಸೀಸದ ಮಿಶ್ರಣ. ಜನರ ಕಣ್ಣಿಗೆ ಬೀಳುವ ಮುಂದಿನ ಸಾಲಿಗೆ ತವರದ ಪಾಲು ಹೆಚ್ಚಾಗಿರುತ್ತಿತ್ತು, ಆದ್ದರಿಂದ ಹೊಳಪು. ಮೊದಲ ಮಹಾಯುದ್ಧದಲ್ಲಿ ತವರದ ಕೊರತೆ ಉಂಟಾದಾಗ, 1917ರಲ್ಲಿ, ಜರ್ಮನಿಯ ಸರ್ಕಾರ ಚರ್ಚುಗಳ ಆರ್ಗನ್‌ಗಳ ಮುಂಭಾಗದ ತವರದ ಕೊಳವೆಗಳನ್ನು ಒಪ್ಪಿಸುವಂತೆ ಆದೇಶಿಸಿತು. ಅವು ಕರಗಿ ಯುದ್ಧಸಾಮಗ್ರಿಯಾದವು. ಮೇಲೆ ಹೇಳಿದ ಹ್ಯಾಂಬರ್ಗ್‌ನ ವಾದ್ಯವೂ ತನ್ನ ಮುಂಸಾಲನ್ನು ಕಳೆದುಕೊಂಡದ್ದು ಆಗಲೇ. ಯುದ್ಧ ಮುಗಿದ ಬಳಿಕ ಬಡವಾಗಿದ್ದ ಚರ್ಚಿನ ಸಭೆಗಳು ಆ ಜಾಗದಲ್ಲಿ ಸತುವಿನ ಅಗ್ಗದ ಕೊಳವೆಗಳನ್ನು ನಿಲ್ಲಿಸಿದವು. ತಾವು ಕಂಡ ಬೂದುಬಣ್ಣ ಬಹುಪಾಲು ಅದೇ ಇರಬಹುದು. ಮುಂಭಾಗದ ಕೊಳವೆಗಳು ಹಿಂದಿನವುಗಳಿಗಿಂತ ಕಿರಿಯವಾಗಿರುವ ಜರ್ಮನ್ ಆರ್ಗನ್‌ಗಳು ಹೇರಳ. ಮುಂದೆ ಚಿತ್ರ ತೆಗೆಯುವಾಗ ತಾವು ಒಂದು ಯುದ್ಧದ ಗಾಯದ ಚಿತ್ರವನ್ನೂ ತೆಗೆಯುತ್ತಿದ್ದೀರಿ ಎಂಬುದು ನೆನಪಿರಲಿ.

ಪ್ರಶ್ನೆ: ಹಳೆಯ ಆರ್ಗನ್‌ನ ಧ್ವನಿಮುದ್ರಣವೊಂದನ್ನು ಕೇಳಿದೆ. ಕೆಲವು ಕಡೆ ಬಹಳ ಇಂಪು, ಕೆಲವು ಕಡೆ ಶ್ರುತಿ ತಪ್ಪಿದಂತೆ. ನನ್ನ ಕಿವಿಯ ದೋಷವೇ? (ವೀಣೆ ನುಡಿಸುವವರು)

ತಮ್ಮ ಕಿವಿ ಬಹಳ ಚೆನ್ನಾಗಿದೆ. ಇಂದಿನ ಕೀಲಿಮಣೆಯ ವಾದ್ಯಗಳಲ್ಲಿ ಸ್ಥಾಯಿಯನ್ನು 12 ಸಮಭಾಗ ಮಾಡಿರುತ್ತಾರೆ. ಅದರಿಂದ ಎಲ್ಲ ಸ್ವರಗಳಿಂದಲೂ ಹೊರಡಬಹುದು, ಆದರೆ ಷಡ್ಜದೊಡನೆ ಅಂತರ ಗಾಂಧಾರ ತನ್ನ ಸಹಜ ಸ್ಥಾನಕ್ಕಿಂತ ಮೇಲೆ ನಿಲ್ಲುತ್ತದೆ. 16 ಮತ್ತು 17ನೇ ಶತಮಾನದ ಆರ್ಗನ್‌ಗಳಲ್ಲಿ ಹೆಚ್ಚಾಗಿ ಗಾಂಧಾರವನ್ನು 5:4ರ ಶುದ್ಧ ಸಂಬಂಧದಲ್ಲಿ ಇರಿಸಿ, ಅದಕ್ಕಾಗಿ ಪಂಚಮಗಳನ್ನು ಒಂದಿಷ್ಟು ಇಳಿಸುತ್ತಿದ್ದರು. ಹಾಗೆ ಇಳಿಸುತ್ತ ಹೋದಾಗ ಕೊನೆಗೆ ಒಂದು ಪಂಚಮ ಮಾತ್ರ ತೀರ ಹಿಗ್ಗಿ ಉಳಿಯುತ್ತದೆ. ಅದು ಊಳಿಡುವಂತೆ ಕೇಳುವುದರಿಂದ ಅದಕ್ಕೆ ‘ತೋಳ’ ಎಂದು ಹೆಸರು. ತಾವು ಕೇಳಿದ ಇಂಪು ಶುದ್ಧ ಗಾಂಧಾರದ್ದು, ಕೇಳಿದ ಅಪಸ್ವರ ಬಹುಶಃ ತೋಳದ್ದು.

ಹವೆಯ ಮಾತೂ ಒಂದಿದೆ. ಬಿಸಿ ಏರಿದಂತೆ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚಿ ಕೊಳಲಿನಂಥ ಕೊಳವೆಗಳ ಶ್ರುತಿ ಏರುತ್ತದೆ. ನಾಲಿಗೆ ಇರುವ ಕೊಳವೆಗಳ ಶ್ರುತಿ ಅಷ್ಟಾಗಿ ಕದಲುವುದಿಲ್ಲ. ಹೀಗಾಗಿ ಚಳಿಗಾಲದಲ್ಲಿ ಕೂಡಿದ್ದ ಸಾಲುಗಳು ಬೇಸಿಗೆಯಲ್ಲಿ ಒಂದಕ್ಕೊಂದು ಕೂಡುವುದಿಲ್ಲ.

ಪ್ರಶ್ನೆ: ಸಂಗ್ರಹಾಲಯದಲ್ಲಿ ವಾದ್ಯಗಳಿಗೆ ಯಾವ ಶತ್ರು ದೊಡ್ಡದು? (ಓದುಗರೊಬ್ಬರು)

ಒಣಹವೆ. ಮರಕ್ಕೆ ಹಿತವಾದದ್ದು ಏರಿಳಿತವಿಲ್ಲದ ಮಧ್ಯಮ ಆರ್ದ್ರತೆ. ಚಳಿಗಾಲದಲ್ಲಿ ಕಟ್ಟಡವನ್ನು ಒಮ್ಮೆಲೇ ಕಾಯಿಸಿದಾಗ ಗಾಳಿ ಒಣಗಿ, ಗಾಳಿಪೆಟ್ಟಿಗೆಯ ಹಲಗೆಗಳು ಬಿರಿಯುತ್ತವೆ. ಇದಲ್ಲದೆ, ಸೀಸ ಹೆಚ್ಚಿರುವ ಕೊಳವೆಗಳಿಗೆ ವಿಚಿತ್ರವಾದ ವ್ಯಾಧಿಯೊಂದು ತಗಲುತ್ತದೆ: ಓಕ್ ಮರದಿಂದ ಹೊಮ್ಮುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿಂದು ಬಿಳಿಯ ಹುಡಿಯಾಗಿಸುತ್ತದೆ. ಕೊಳವೆಯ ಬುಡದಲ್ಲಿ, ಗಾಳಿ ಪ್ರವೇಶಿಸುವಲ್ಲಿ, ಇದು ಹೆಚ್ಚು. ಜರ್ಮನಿಯ ಲ್ಯೂಬೆಕ್ ನಗರದ ಸಂತ ಯಾಕೋಬಿ ಚರ್ಚಿನ ಹಳೆಯ ಆರ್ಗನ್‌ನಲ್ಲಿ ಈ ಕೊರೆತ ಕಂಡುಬಂದ ಮೇಲೆ ಯುರೋಪಿನ ಸಂಶೋಧಕರು ಕೂಡಿ ಅಧ್ಯಯನ ನಡೆಸಿದರು. ವಾದ್ಯದ ಮರವೇ ಅದರ ಲೋಹವನ್ನು ಕೊರೆಯುತ್ತದೆ ಎಂಬುದನ್ನು ಮೊದಲ ಸಲ ಓದಿದಾಗ ನನಗೆ ತಡೆಯಲಾರದಷ್ಟು ಸಂಕಟವಾಗಿತ್ತು.

ಪ್ರಶ್ನೆ: ಪ್ರತಿ ಕೊಳವೆಯ ದನಿಯನ್ನೂ ಮುದ್ರಿಸಿಕೊಂಡು ಕಂಪ್ಯೂಟರಿನಲ್ಲಿ ನುಡಿಸುವ ತಂತ್ರಾಂಶಗಳಿವೆ. ಇನ್ನೂ ಹಳೆಯ ವಾದ್ಯ ಕಾಪಾಡುವ ಖರ್ಚು ಏಕೆ? (ಸಾಫ್ಟ್‌ವೇರ್ ಉದ್ಯೋಗಿ)

ಅಂಥ ಮುದ್ರಣಗಳು ಬಹಳ ಉಪಯುಕ್ತ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ವರವಾಗಿವೆ, ವಾದ್ಯ ಸುಟ್ಟುಹೋದರೆ ದಾಖಲೆಯಾಗಿಯೂ ನಿಲ್ಲುತ್ತವೆ. ಆದರೆ ಮುದ್ರಿಕೆಯಲ್ಲಿ ಸಿಗುವುದು ವಾದ್ಯ ಕೊಟ್ಟ ಉತ್ತರ ಮಾತ್ರ, ಉತ್ತರಿಸುವ ಬಗೆಯಲ್ಲ. ಹಳೆಯ ವಾದ್ಯದ ಕೀಲಿ ಒತ್ತುವಾಗ ಗಾಳಿಯ ಒತ್ತಡದ ಎದುರು ಕವಾಟ ಬಿಚ್ಚಿಕೊಳ್ಳುವ ಕ್ಷಣ ಬೆರಳ ತುದಿಗೆ ಸಣ್ಣ ತಡೆಯಾಗಿ ತಿಳಿಯುತ್ತದೆ. ಆ ತಡೆಯನ್ನು ಹೇಗೆ ದಾಟಬೇಕೆಂದು ವಾದಕರು ಕಲಿಯುತ್ತಾರೆ. ಸ್ವರದ ಆರಂಭ ಅದರಿಂದ ಬದಲಾಗುತ್ತದೆ. ಹಲವು ಸ್ಟಾಪ್ ತೆರೆದು ಒಮ್ಮೆಲೇ ಅನೇಕ ಕೀಲಿ ಒತ್ತಿದಾಗ ತಿದಿಯ ಗಾಳಿ ಒಂದು ಕ್ಷಣ ಕುಸಿದು ನಾದವೆಲ್ಲ ನಿಟ್ಟುಸಿರಿಟ್ಟಂತೆ ತೂಗುತ್ತದೆ. ಇನ್ನು ಕಟ್ಟುವ ವಿದ್ಯೆಯ ವಿಚಾರ. ಜರ್ಮನಿಯ ಆರ್ಗನ್ ನಿರ್ಮಾಣ ಕೌಶಲ ಮತ್ತು ಆರ್ಗನ್ ಸಂಗೀತವನ್ನು ಯುನೆಸ್ಕೋ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಲೋಹವನ್ನು ಕರಗಿಸಿ ಉದ್ದನೆಯ ಮೇಜಿನ ಮೇಲೆ ಹಾಳೆಯಾಗಿ ಎರೆಯುವುದು, ಹತ್ತರಿ ಹೊಡೆದು ತೆಳುಗೊಳಿಸುವುದು, ಅಚ್ಚಿಗೆ ಸುತ್ತಿ ಬೆಸೆಯುವುದು ಇವನ್ನು ಕಲಿಯಬೇಕಾದ ಹೊಸ ಕೈಗಳಿಗೆ ಮುದ್ರಿಕೆ ಗುರುವಾಗಲಾರದು. ಹಳೆಯ ಕೊಳವೆಯ ಮೇಲೆ ಉಳಿದಿರುವ ಉಪಕರಣದ ಗೀರು ಗುರುವಾಗಬಲ್ಲದು.

ಪ್ರಶ್ನೆ: ಮಗಳ ಮನೆಗೆಂದು ಜರ್ಮನಿಗೆ ಹೋಗುವವಳಿದ್ದೇನೆ. ಸಂಗೀತದ ಶಾಸ್ತ್ರಜ್ಞಾನ ನನಗಿಲ್ಲ. ಇಂಥ ಸಂಗ್ರಹಾಲಯಕ್ಕೆ ಹೋದರೆ ಏನನ್ನು ಗಮನಿಸಲಿ? (ಹಿರಿಯ ಓದುಗರು)

ಅಮ್ಮಾ, ಶಾಸ್ತ್ರಜ್ಞಾನದ ಅಗತ್ಯ ಎಳ್ಳಷ್ಟೂ ಇಲ್ಲ. ಹೋಗುವ ಮುನ್ನ ಸಂಗ್ರಹಾಲಯ ತೆರೆದಿರುವ ದಿನಗಳನ್ನು ಮಗಳಿಂದ ವಿಚಾರಿಸಿಕೊಳ್ಳಿ. ಸಣ್ಣ ಊರುಗಳ ಸಂಗ್ರಹಾಲಯಗಳು ಎಲ್ಲ ದಿನವೂ ತೆರೆದಿರುವುದಿಲ್ಲ. ವಿವರಿಸುವವರು ಇರುವ ಹೊತ್ತಿಗೇ ಹೋಗಿ, ಏಕೆಂದರೆ ಮೌನವಾಗಿ ನಿಂತ ಆರ್ಗನ್ ಕೆತ್ತನೆಯ ಬೀರುವಿನಂತೆ ಕಾಣುತ್ತದೆ. ಮೊದಲು ತಿದಿ ತೋರಿಸಲು ಕೇಳಿ. ವಿದ್ಯುತ್ ಬರುವ ಮುಂಚೆ ಆಳುಗಳು ಕಾಲಿನಿಂದ ತುಳಿದು ಗಾಳಿ ತುಂಬುತ್ತಿದ್ದರು. ನುಡಿಸಿದವರ ಹೆಸರು ಪುಸ್ತಕಗಳಲ್ಲಿವೆ, ತುಳಿದವರು ಎಷ್ಟೋ ಕಡೆ ತಿದಿಮನೆಯ ಗೋಡೆ, ಹಲಗೆಗಳ ಮೇಲೆ ತಮ್ಮ ಹೆಸರು, ಇಸವಿ ಗೀಚಿ ಹೋಗಿದ್ದಾರೆ. ಅಂಥ ಗೀಚು ಇದೆಯೇ ಎಂದು ಹುಡುಕಿ ನೋಡಿ.

ಆಮೇಲೆ ಎರಡು ಕೊಳವೆಗಳನ್ನು ಕೇಳಿ. ಎಲ್ಲಕ್ಕಿಂತ ದೊಡ್ಡದು ಮತ್ತು ಎಲ್ಲಕ್ಕಿಂತ ಚಿಕ್ಕದು. ದೊಡ್ಡ ಆರ್ಗನ್‌ಗಳಲ್ಲಿ 32 ಅಡಿಯ, ಅಂದರೆ ಸುಮಾರು 10 ಮೀಟರ್ ಉದ್ದದ ಕೊಳವೆ ಇರುತ್ತದೆ. ಅದರ ಕೊನೆಯ ಸ್ವರ ಸೆಕೆಂಡಿಗೆ ಸುಮಾರು 16 ಕಂಪನಗಳದ್ದು, ಕಿವಿಗಿಂತ ಮೊದಲು ಎದೆಗೂಡಿಗೆ ತಿಳಿಯುತ್ತದೆ. ಸಣ್ಣ ಸಂಗ್ರಹಾಲಯದಲ್ಲಿ ಅಷ್ಟು ಉದ್ದದ್ದು ನಿಲ್ಲಿಸಲು ಎತ್ತರವೇ ಇರುವುದಿಲ್ಲ, ಆದರೂ ಅಲ್ಲಿರುವ ದೊಡ್ಡದರ ಬಳಿ ನಿಂತು ಕೇಳಿ. ಚಿಕ್ಕ ಕೊಳವೆ ಪೆನ್ಸಿಲಿಗಿಂತ ಸಣ್ಣದು. ಅದನ್ನು ಬಾಯಲ್ಲಿ ಊದಿ ನೋಡಲು ಕೆಲವು ಕಡೆ ಮಾದರಿ ಕೊಡುತ್ತಾರೆ. ಕೊಟ್ಟರೆ ಸಂಕೋಚವಿಲ್ಲದೆ ಊದಿ, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ಮೆಲ್ಲಗೆ ಊದಿದಾಗ ಸ್ವರ ಇಳಿಯುವುದೂ ಜೋರಾಗಿ ಊದಿದಾಗ ಚಿಮ್ಮಿ ಮೇಲೇರುವುದೂ ತಮಗೇ ಕೇಳಿಸುತ್ತದೆ. ತಿದಿಯ ಮೇಲೆ ಅಷ್ಟೊಂದು ತೂಕದ ಕಲ್ಲುಗಳನ್ನು ಅಳೆದು ಏಕೆ ಇಟ್ಟಿದ್ದಾರೆ ಎಂಬುದು ಆಗ ಯಾರೂ ಹೇಳದೆಯೇ ಅರ್ಥವಾಗುತ್ತದೆ.